ಹಳೇ ಆ್ಯಕ್ಷನ್ ಕಾರ್ಟೂನ್‌ಗಳ ಗುಟ್ಟುಗಳು, ಅಭಿಮಾನಿಗಳ ಥಿಯರಿಗಳು: ಸಾಕ್ಷಿ ಸಮೇತ ಹೇಳಿ

ಹಳೇಟೀವಿ

ದೂರದರ್ಶನದಲ್ಲಿ ಹೀ-ಮ್ಯಾನ್ ನೋಡಿದವರು, ಆಮೇಲೆ 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ನಮ್ಮ ದೇಶಕ್ಕೆ ಬಂದಾಗ ಅದರ ಮುಂದೆ ಕೂತವರು ಇಲ್ಲಿ ತುಂಬಾ ಜನ ಇದ್ದೀರಿ. ಆಗ ಕಾರ್ಟೂನ್ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ತಿಳಿಯದ ಜಾಗವನ್ನೆಲ್ಲ ನಾವೇ ತುಂಬಿಕೊಂಡೆವು. ಖಳನಾಯಕ ಸ್ಕೆಲೆಟರ್ ಮುಖ ಯಾಕೆ ತಲೆಬುರುಡೆಯಾಯಿತು, ಯುವರಾಜ ಆ್ಯಡಮ್ಮೇ ಹೀ-ಮ್ಯಾನ್ ಅಂತ ಅವನ ಅಪ್ಪ ಅಮ್ಮನಿಗೂ ಯಾಕೆ ಗೊತ್ತಾಗಲ್ಲ ಅಂತ ಶಾಲೆಯ ಜಗಲಿಯಲ್ಲಿ ಕೂತು ಕಥೆ ಕಟ್ಟಿದವರು ನಾವು. ಥಿಯರಿ ಅನ್ನೋ ಪದ ಗೊತ್ತಿಲ್ಲದೆಯೇ ಥಿಯರಿ ಮಾಡಿದ್ದೆವು.

ಆ ಕಾರ್ಟೂನ್‌ಗಳ ಬಗ್ಗೆ ನಿಮಗೆ ಗೊತ್ತಿರೋ ಅಪರೂಪದ ಸಂಗತಿ ಹೇಳಿ, ಥಿಯರಿ ಹೇಳಿ. ಒಂದೇ ಕೋರಿಕೆ: ಯಾವ ಎಪಿಸೋಡ್, ಯಾವ ದೃಶ್ಯ ಅಂತ ತೋರಿಸಿ. "ಇದೆಲ್ಲ ಆಸ್ಪತ್ರೆಯಲ್ಲಿ ಮಲಗಿದ ಹುಡುಗನ ಕನಸಂತೆ" ಅನ್ನೋ ಥರದ್ದು ಬೇಡ. ಅದನ್ನು ಯಾವ ಕಾರ್ಟೂನಿಗೆ ಬೇಕಾದರೂ ಅಂಟಿಸಬಹುದು.

ನಾನೇ ಶುರು ಮಾಡುತ್ತೇನೆ. ಹೀ-ಮ್ಯಾನ್ ತಾಯಿ, ರಾಣಿ ಮಾರ್ಲೀನಾ, ಕಥೆ ನಡೆಯೋ ಎಟರ್ನಿಯಾ ಗ್ರಹದವಳಲ್ಲ. ನಮ್ಮ ಭೂಮಿಯಿಂದ ಹೊರಟ ಗಗನಯಾತ್ರಿ. ಅವಳ ನೌಕೆ ಎಟರ್ನಿಯಾದಲ್ಲಿ ಬಿದ್ದು, ಅಲ್ಲೇ ಉಳಿದು, ರಾಜ ರಾಂಡರ್‌ನನ್ನು ಮದುವೆಯಾದವಳು. ಅಂದರೆ ಹೀ-ಮ್ಯಾನ್ ಅರ್ಧ ನಮ್ಮವನು. 'ದಿ ರೇನ್‌ಬೋ ವಾರಿಯರ್' ಅನ್ನೋ ಎಪಿಸೋಡಿನಲ್ಲಿ ಅವಳು ತನ್ನ ಹಳೇ ನೌಕೆ ಹತ್ತಿ ಯುದ್ಧಕ್ಕೆ ಇಳಿಯುತ್ತಾಳೆ. ಕೊನೆಯಲ್ಲಿ ಅವಳ ಮಾತಿನಲ್ಲಿ ಒಂದು ಸುಳಿವು ಇದೆ: ಮಗನೇ ಹೀ-ಮ್ಯಾನ್ ಅಂತ ಅವಳಿಗೆ ಗೊತ್ತು, ಗೊತ್ತಿದ್ದೂ ಸುಮ್ಮನಿದ್ದಾಳೆ. ಇದನ್ನು ಒಪ್ಪಿಕೊಂಡು ಉಳಿದ ಎಪಿಸೋಡ್‌ಗಳನ್ನು ನೋಡಿ. ಆ್ಯಡಮ್‌ನನ್ನು ಸೋಮಾರಿ ಅಂತ ಅಪ್ಪ ಬೈಯುವಾಗ ಪಕ್ಕದಲ್ಲಿ ಕೂತ ಅಮ್ಮನ ಮೌನಕ್ಕೆ ಬೇರೆಯೇ ಅರ್ಥ ಬರುತ್ತೆ.

ಆಟಿಕೆಪೆಟ್ಟಿಗೆ

ಒಳ್ಳೇ ವಿಷಯ ಎತ್ತಿದಿರಿ. ನಾನು ಹಳೇ ಆಟಿಕೆ ಕೂಡಿಡುವವನು, ಆ ಕಡೆಯಿಂದ ಹೇಳುತ್ತೇನೆ.

ಹೀ-ಮ್ಯಾನ್ ಮೊದಲು ಬೊಂಬೆ, ಆಮೇಲೆ ಕಾರ್ಟೂನ್. ಮ್ಯಾಟೆಲ್ ಬೊಂಬೆಗಳು 1982ರಲ್ಲಿ ಬಂದವು, ಫಿಲ್ಮೇಷನ್ ಸ್ಟುಡಿಯೋದ ಕಾರ್ಟೂನ್ 1983ರಲ್ಲಿ. ಅದಕ್ಕೂ ಮುಂಚೆ ಸ್ಟಾರ್ ವಾರ್ಸ್ ಆಟಿಕೆ ಮಾಡೋ ಅವಕಾಶ ಮ್ಯಾಟೆಲ್‌ಗೇ ಬಂದಿತ್ತು, ಅವರು ಬೇಡ ಅಂದಿದ್ದರು. ಆ ಆಟಿಕೆಗಳು ಹೇಗೆ ಮಾರಾಟವಾದವು ಅಂತ ನೋಡಿದ ಮೇಲೆ ತಮ್ಮದೇ ಒಬ್ಬ ವೀರ ಬೇಕು ಅಂತ ಓಡಾಡಿದರು.

ಹೀ-ಮ್ಯಾನ್ ಸವಾರಿ ಮಾಡೋ ಹುಲಿ ಬ್ಯಾಟಲ್ ಕ್ಯಾಟ್ ಹುಟ್ಟಿದ್ದು ಹೇಗೆ ಗೊತ್ತಾ? ಮ್ಯಾಟೆಲ್ ಹತ್ತಿರ 'ಬಿಗ್ ಜಿಮ್' ಅನ್ನೋ ಹಳೇ ಬೊಂಬೆ ಸಾಲಿನ ಒಂದು ಹುಲಿ ಇತ್ತು. ಹೊಸ ಅಚ್ಚು ಮಾಡಿಸೋದು ದುಬಾರಿ. ಇದ್ದ ಹುಲಿಯನ್ನೇ ತಂದು ಹೀ-ಮ್ಯಾನ್ ಪಕ್ಕ ಇಟ್ಟರು. ಆದರೆ ಬಿಗ್ ಜಿಮ್ ಬೊಂಬೆಗಳು ಹೀ-ಮ್ಯಾನ್‌ಗಿಂತ ತುಂಬಾ ದೊಡ್ಡವು. ಹುಲಿ ಕುದುರೆಯಷ್ಟು ಎತ್ತರ ಕಂಡಿತು. ಸರಿ, ಜೀನು ಹಾಕಿ, ಹೀ-ಮ್ಯಾನ್‌ನನ್ನು ಮೇಲೆ ಕೂರಿಸಿದರು! ಹಸಿರು ಬಣ್ಣ ಬಳಿದರು. ಕಾರ್ಟೂನಿನವರು ಅದಕ್ಕೆ ಕ್ರಿಂಜರ್ ಅನ್ನೋ ಪುಕ್ಕಲು ರೂಪ ಕೊಟ್ಟು ಜೀವ ತುಂಬಿದರು.

ಸ್ಕೆಲೆಟರ್ ವಿಷಯಕ್ಕೆ ಬರೋಣ. ಬೊಂಬೆ ಜೊತೆ ಬರುತ್ತಿದ್ದ ಪುಟಾಣಿ ಕಾಮಿಕ್ಸ್‌ನಲ್ಲಿ 'ದಿ ಸರ್ಚ್ ಫಾರ್ ಕೆಲ್ಡಾರ್' ಅಂತ ಒಂದಿದೆ. ರಾಜ ರಾಂಡರ್‌ನ ಕಳೆದುಹೋದ ಸೋದರ ಕೆಲ್ಡಾರ್‌ನನ್ನು ಹುಡುಕೋ ಕಥೆ. ಆ ಹುಡುಕಾಟ ನಿಲ್ಲಿಸೋಕೆ ಸ್ಕೆಲೆಟರ್ ಒದ್ದಾಡುತ್ತಾನೆ. ಯಾಕೆ ಅಂತ ಅದರಲ್ಲಿ ಬಾಯಿಬಿಟ್ಟು ಹೇಳಲ್ಲ. ಅಭಿಮಾನಿಗಳು ಸುಮ್ಮನಿರುತ್ತಾರಾ? ಸ್ಕೆಲೆಟರ್ರೇ ಕೆಲ್ಡಾರ್ ಅಂದರು. ವರ್ಷಗಟ್ಟಲೆ ಅದು ಬರೀ ಥಿಯರಿ. 2002ರ ಹೊಸ ಹೀ-ಮ್ಯಾನ್ ಸರಣಿಯಲ್ಲಿ ಅದನ್ನು ತೆರೆಯ ಮೇಲೆ ತೋರಿಸಿದರು. ಕೆಲ್ಡಾರ್ ರಾಂಡರ್ ಮೇಲೆ ಆ್ಯಸಿಡ್ ಎಸೆಯುತ್ತಾನೆ, ಅದು ಗುರಾಣಿಗೆ ಬಡಿದು ಅವನ ಮುಖಕ್ಕೇ ಹಾರುತ್ತೆ. ಪ್ರಾಣ ಉಳಿಸಿದ ದುಷ್ಟ ಮಾಂತ್ರಿಕ ಹೋರ್ಡಾಕ್ ಕೊಟ್ಟ ಮುಖವೇ ಆ ತಲೆಬುರುಡೆ.

ರಾತ್ರಿಪಾಳಿ

ಆಟಿಕೆ ಅಂದಾಗ ನೆನಪಾಯಿತು. ಟ್ರಾನ್ಸ್‌ಫಾರ್ಮರ್ಸ್‌ನಲ್ಲಿ ಮೆಗಾಟ್ರಾನ್ ಅಷ್ಟು ದೊಡ್ಡ ರೋಬೋ. ಅವನು ಪಿಸ್ತೂಲು ಆದಾಗ ಇನ್ನೊಬ್ಬರ ಕೈಯಲ್ಲಿ ಹಿಡಿಸುವಷ್ಟು ಆಗುತ್ತಾನೆ. ಉಳಿದ ತೂಕ ಎಲ್ಲಿಗೆ ಹೋಗುತ್ತೆ? ಅದನ್ನು ಬೇರೆ ಆಯಾಮದಲ್ಲಿ ಅಡಗಿಸಿಡ್ತಾರೆ ಅಂತ ಒಂದು ಥಿಯರಿ ಓದಿದ್ದೆ. ಆದರೆ ಆಪ್ಟಿಮಸ್ ಪ್ರೈಮ್ ಲಾರಿಯಾದಾಗ ಲಾರಿಯಷ್ಟೇ ಇರ್ತಾನಲ್ಲ. ಒಬ್ಬರಿಗೆ ಒಂದು ನಿಯಮ, ಇನ್ನೊಬ್ಬರಿಗೆ ಇನ್ನೊಂದು ಯಾಕೆ?

ಆಟಿಕೆಪೆಟ್ಟಿಗೆ

ಗುರು, ನೀವು ಕೇಳಿದ ಪ್ರಶ್ನೆಯಲ್ಲೇ ಉತ್ತರ ಇದೆ. ನಿಜವಾಗಿಯೂ ಎರಡು ನಿಯಮ ಇತ್ತು.

ಹ್ಯಾಸ್‌ಬ್ರೋ ಕಂಪನಿ ಜಪಾನಿನ ಟಕಾರಾದಿಂದ ಎರಡು ಬೇರೆ ಬೇರೆ ಆಟಿಕೆ ಸಾಲುಗಳನ್ನು ತಂದು, 1984ರಲ್ಲಿ ಒಂದೇ ಹೆಸರಿನಡಿ ಸೇರಿಸಿತು. ಒಂದು ಡಯಾಕ್ಲೋನ್. ಕಾರು, ಲಾರಿ, ವಿಮಾನಗಳು. ಒಳಗೆ ಕೂರಿಸೋಕೆ ಪುಟಾಣಿ ಚಾಲಕ ಬೊಂಬೆ. ಅಂದರೆ ಅಲ್ಲಿ ಅವು ಜೀವ ಇರೋ ರೋಬೋಗಳೇ ಅಲ್ಲ, ಮನುಷ್ಯರು ಓಡಿಸೋ ಯಂತ್ರಗಳು. ಇನ್ನೊಂದು ಮೈಕ್ರೋ ಚೇಂಜ್. ಮನೆಯಲ್ಲಿ ಕಾಣೋ ವಸ್ತುಗಳು, ಅವುಗಳ ನಿಜವಾದ ಅಳತೆಯಲ್ಲೇ. ಪಿಸ್ತೂಲು, ಕ್ಯಾಸೆಟ್ ಪ್ಲೇಯರ್, ಅದರೊಳಗೆ ಹೋಗೋ ಕ್ಯಾಸೆಟ್.

ಆಪ್ಟಿಮಸ್ ಪ್ರೈಮ್ ಡಯಾಕ್ಲೋನ್‌ನಿಂದ ಬಂದವನು. ಮೆಗಾಟ್ರಾನ್, ಕ್ಯಾಸೆಟ್ ಪ್ಲೇಯರ್ ಆಗೋ ಸೌಂಡ್‌ವೇವ್ ಮೈಕ್ರೋ ಚೇಂಜ್‌ನಿಂದ ಬಂದವರು. ಎರಡು ಬೇರೆ ಅಳತೆಯ ಲೋಕಗಳನ್ನು ಒಂದೇ ಕಥೆಗೆ ತಂದಾಗ ಲೆಕ್ಕ ಕೂಡಲಿಲ್ಲ. ಹಳೇ ಡಯಾಕ್ಲೋನ್ ಕಾರಿನ ಆಟಿಕೆ ಕೈಗೆ ಸಿಕ್ಕರೆ ಬಾಗಿಲು ತೆಗೆದು ನೋಡಿ. ಟ್ರಾನ್ಸ್‌ಫಾರ್ಮರ್ಸ್ ಹೆಸರಿನಲ್ಲಿ ಮಾರಿದ ಮೇಲೂ ಒಳಗೆ ಆ ಚಾಲಕನ ಸೀಟು ಹಾಗೇ ಉಳಿದಿದೆ. ಕೂರುವವನು ಮಾತ್ರ ಇಲ್ಲ.

ಇನ್ನೊಂದು: ಅಂಗಡಿಯಲ್ಲಿ ಜೆಟ್‌ಫೈರ್ ಅನ್ನೋ ವಿಮಾನ ಸಿಗುತ್ತಿತ್ತು. ಕಾರ್ಟೂನಿನಲ್ಲಿ ಅವನ ಹೆಸರು ಸ್ಕೈಫೈರ್, ಮುಖವೂ ಬೇರೆ. ಯಾಕೆಂದರೆ ಆ ಆಟಿಕೆ ಟಕಾರಾದ್ದೇ ಅಲ್ಲ. ಮ್ಯಾಕ್ರಾಸ್ ಅನ್ನೋ ಇನ್ನೊಂದು ಜಪಾನಿ ಕಾರ್ಟೂನಿನ ವಿಮಾನ ಅದು. ಹಕ್ಕಿನ ತಕರಾರು ಬರಬಾರದು ಅಂತ ಕಾರ್ಟೂನಿನವರು ಹೆಸರು, ಆಕಾರ ಎರಡನ್ನೂ ಬದಲಾಯಿಸಿದರು.

ಶಿರಸಿಶ್ರೀ

ಓದೋಕೆ ತುಂಬಾ ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು. ಎಲ್ಲಕ್ಕೂ "ಅಚ್ಚು ಉಳಿಸೋಕೆ", "ಆಟಿಕೆ ಮಾರೋಕೆ" ಅಂತ ಉತ್ತರ ಕೊಟ್ಟರೆ ಕಾರ್ಟೂನ್ ಮಾಡಿದವರ ಪಾಲು ಎಲ್ಲಿ ಹೋಯಿತು?

ಆಪ್ಟಿಮಸ್ ಪ್ರೈಮ್‌ನನ್ನೇ ತಗೊಳ್ಳಿ. ಅವನ ಧ್ವನಿ ಪೀಟರ್ ಕಲನ್. ಆ ಪಾತ್ರದ ಆಡಿಷನ್‌ಗೆ ಹೊರಟಾಗ ಅವರ ಅಣ್ಣ ಲ್ಯಾರಿ ಒಂದು ಮಾತು ಹೇಳಿದ್ದರಂತೆ. ವೀರನ ಪಾತ್ರ ಮಾಡೋದಾದರೆ ಕಿರುಚಾಡಬೇಡ, ಮೃದುವಾಗಿರುವಷ್ಟು ಗಟ್ಟಿಯಾಗಿರು ಅಂತ. ಲ್ಯಾರಿ ವಿಯೆಟ್ನಾಂ ಯುದ್ಧದಲ್ಲಿ ಇದ್ದು ಬಂದ ಸೈನಿಕ. ಕಲನ್ ಅಣ್ಣನ ಧ್ವನಿಯನ್ನೇ ಪ್ರೈಮ್‌ಗೆ ಕೊಟ್ಟರು. ಇದನ್ನು ಅವರು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆ ಕಾಲದ ಬೇರೆ ವೀರರೆಲ್ಲ ಗಂಟಲು ಹರಿಯುವಂತೆ ಕೂಗುತ್ತಿದ್ದಾಗ ಪ್ರೈಮ್ ಮಾತ್ರ ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ. ಮಕ್ಕಳು ನಂಬಿದ್ದು ಪ್ಲಾಸ್ಟಿಕ್ ಲಾರಿಯನ್ನಲ್ಲ, ಆ ದನಿಯನ್ನು.

ಅದು ಎಷ್ಟು ನಿಜ ಅಂತ ಕಂಪನಿಗೇ 1986ರಲ್ಲಿ ಗೊತ್ತಾಯಿತು. ಟ್ರಾನ್ಸ್‌ಫಾರ್ಮರ್ಸ್ ಸಿನಿಮಾದಲ್ಲಿ ಹೊಸ ಆಟಿಕೆಗಳಿಗೆ ಜಾಗ ಮಾಡೋಕೆ ಹಳಬರನ್ನು ಸಾಯಿಸಿದರು. ಪ್ರೈಮ್ ಕೂಡ ಹೋದ. ಅವನ ಮೈ ಬಣ್ಣ ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗೋ ದೃಶ್ಯ ಇವತ್ತಿಗೂ ನೋಡೋಕೆ ಕಷ್ಟ. ಥಿಯೇಟರಿನಲ್ಲಿ ಮಕ್ಕಳು ಅತ್ತರು, ಕಾಗದ ಬರೆದರು. ಮರುವರ್ಷ, 1987ರಲ್ಲಿ, ಅವನನ್ನು ಮತ್ತೆ ತರಬೇಕಾಯಿತು.

ಅದರ ಬಿಸಿ ಇನ್ನೊಂದು ಸಿನಿಮಾಕ್ಕೂ ತಟ್ಟಿತು. ಸೈನಿಕರ ಕಾರ್ಟೂನ್ ಜಿ.ಐ. ಜೋದ ಸಿನಿಮಾದಲ್ಲಿ ಡ್ಯೂಕ್ ಅನ್ನೋ ನಾಯಕ ಸಾಯಬೇಕಿತ್ತು. ದೃಶ್ಯ ಬರೆದದ್ದೇ ಸಾವಿನ ದೃಶ್ಯ ಅಂತ. ಹಾವಿನಂಥ ಈಟಿ ಎದೆಗೆ ನಾಟುತ್ತೆ, ಸುತ್ತ ಎಲ್ಲರೂ ದುಃಖದಲ್ಲಿರ್ತಾರೆ. ಆಗ ಒಂದು ಸಾಲು ಕೇಳಿಸುತ್ತೆ, ಅವನು ಕೋಮಾಗೆ ಹೋಗಿದ್ದಾನೆ ಅಂತ! ಕೊನೆಯಲ್ಲಿ ತೆರೆಯಾಚೆಯಿಂದ ಇನ್ನೊಂದು ಸಾಲು, ಹುಷಾರಾದ ಅಂತ. ಚಿತ್ರ ಹೇಳೋದು ಒಂದು, ಧ್ವನಿ ಹೇಳೋದು ಇನ್ನೊಂದು. ಮಕ್ಕಳ ಅಳು ಒಂದು ಕಥೆಯ ಅಂತ್ಯವನ್ನೇ ತಿದ್ದಿತು ಅಲ್ವಾ? ಇದು ಮಾರಾಟದ ಲೆಕ್ಕದೊಳಗೆ ಬರೋದಿಲ್ಲ.

ಅದೇ ಟ್ರಾನ್ಸ್‌ಫಾರ್ಮರ್ಸ್ ಸಿನಿಮಾದಲ್ಲಿ ಗ್ರಹಗಳನ್ನೇ ನುಂಗೋ ಯುನಿಕ್ರಾನ್‌ಗೆ ಧ್ವನಿ ಕೊಟ್ಟದ್ದು ಹೆಸರಾಂತ ಹಾಲಿವುಡ್ ನಿರ್ದೇಶಕ, ನಟ ಆರ್ಸನ್ ವೆಲ್ಸ್. 1985ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಸಿನಿಮಾ ಬಂದದ್ದು ಆಮೇಲೆ.

ಗೆರೆಬಣ್ಣ

ನಾನು ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಶ್ರೀ ಮೇಡಂ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ. ಹಣ, ನಿಯಮ ಎಲ್ಲ ಕಟ್ಟಿಹಾಕಿದಾಗಲೇ ಒಳ್ಳೇ ಕಲಾವಿದರ ಕೈಚಳಕ ಕಾಣೋದು.

ಫಿಲ್ಮೇಷನ್ ತನ್ನ ಅನಿಮೇಷನ್ ಕೆಲಸವನ್ನು ಹೊರದೇಶಕ್ಕೆ ಕಳಿಸುತ್ತಿರಲಿಲ್ಲ. ಅಮೆರಿಕದಲ್ಲೇ ಮಾಡಿಸುತ್ತಿತ್ತು. ಅಲ್ಲಿ ಸಂಬಳ ಜಾಸ್ತಿ, ಹಾಗಾಗಿ ಒಮ್ಮೆ ಬರೆದ ಚಲನೆಯನ್ನು ಮತ್ತೆ ಮತ್ತೆ ಬಳಸಿದರು. ಹೀ-ಮ್ಯಾನ್ ಪಕ್ಕದಿಂದ ಓಡೋದು, ಕ್ಯಾಮೆರಾ ಕಡೆ ಗುದ್ದೋದು, ಕತ್ತಿ ಎತ್ತಿ ರೂಪ ಬದಲಿಸೋದು, ಎಲ್ಲವೂ ಕೂಡಿಟ್ಟ ಚಿತ್ರಗಳು. ಹಿನ್ನೆಲೆ ಮಾತ್ರ ಬೇರೆ. ಸ್ಟುಡಿಯೋ ಮಾಲೀಕ ಲೂ ಶೈಮರ್ ತಾವೇ ಪುಟ್ಟ ಮಾಂತ್ರಿಕ ಓರ್ಕೋ ಸೇರಿದಂತೆ ಹಲವು ಪಾತ್ರಗಳಿಗೆ ಧ್ವನಿ ಕೊಟ್ಟರು. ಟೈಟಲ್‌ನಲ್ಲಿ ಹಾಕಿಕೊಂಡ ಹೆಸರು ಎರಿಕ್ ಗುಂಡೆನ್.

ಇಷ್ಟು ಬಿಗಿಯಾಗಿ ನಡೆದ ಆ ಸ್ಟುಡಿಯೋದಿಂದ ಯಾರ್ಯಾರು ಹೊರಬಂದರು ನೋಡಿ. ಪಾಲ್ ಡಿನಿ ಹೀ-ಮ್ಯಾನ್ ಎಪಿಸೋಡ್ ಬರೆದವರು. ಬ್ರೂಸ್ ಟಿಮ್ ಅಲ್ಲೇ ಚಿತ್ರ ಬರೆಯುತ್ತಿದ್ದವರು. ಅವರಿಬ್ಬರೂ ಸೇರಿದ್ದು 1992ರ 'ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್'ನಲ್ಲಿ.

ಆ ಬ್ಯಾಟ್‌ಮ್ಯಾನ್ ಯಾಕೆ ಅಷ್ಟು ಕತ್ತಲಾಗಿ ಕಾಣುತ್ತೆ ಗೊತ್ತಾ? ಸಾಮಾನ್ಯವಾಗಿ ಹಿನ್ನೆಲೆಯನ್ನು ಬಿಳಿ ಕಾಗದದ ಮೇಲೆ ಬರೆದು, ನೆರಳು ಬೇಕಾದಲ್ಲಿ ಕಪ್ಪು ತುಂಬುತ್ತೇವೆ. ಎರಿಕ್ ರಡಾಮ್‌ಸ್ಕಿ ಅದನ್ನು ತಿರುಗುಮುರುಗು ಮಾಡಿದರು. ಕಪ್ಪು ಕಾಗದ ತಗೊಂಡು ಅದರ ಮೇಲೆ ಬೆಳಕನ್ನು ಮಾತ್ರ ಬರೆದರು. ಕಿಟಕಿಯ ಅಂಚು, ಬೀದಿದೀಪದ ಕೆಳಗಿನ ಜಾಗ, ಕಟ್ಟಡದ ಒಂದು ಮೂಲೆ. ಉಳಿದದ್ದೆಲ್ಲ ಕಾಗದದ ಕಪ್ಪೇ. ನಾನು ಇದನ್ನು ಮಾಡಿ ನೋಡಿದ್ದೇನೆ. ಕೈ ತಾನಾಗಿ ಕಡಿಮೆ ಬರೆಯೋಕೆ ಶುರು ಮಾಡುತ್ತೆ, ಯಾಕೆಂದರೆ ಬರೆಯದೇ ಬಿಟ್ಟ ಜಾಗವೂ ಚಿತ್ರವೇ.

'ರಾಬಿನ್ಸ್ ರೆಕನಿಂಗ್' ನೋಡಿ. ಸರ್ಕಸ್ಸಿನಲ್ಲಿ ರಾಬಿನ್ ಅಪ್ಪ ಅಮ್ಮ ಸಾಯಬೇಕು. ಮಕ್ಕಳ ಕಾರ್ಯಕ್ರಮದಲ್ಲಿ ಸಾವು ತೋರಿಸೋಕೆ ಬಿಡಲ್ಲ. ಅವರಿಬ್ಬರೂ ಜೋಕಾಲಿಯಲ್ಲಿ ತೂಗುತ್ತಾ ಚೌಕಟ್ಟಿನಿಂದ ಹೊರಗೆ ಹೋಗುತ್ತಾರೆ. ವಾಪಸ್ ಬರೋದು ತುಂಡಾದ ಹಗ್ಗ ಮಾತ್ರ. ಬೀಳೋದನ್ನು ತೋರಿಸಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ. ಆ ಎಪಿಸೋಡಿಗೆ ಎಮ್ಮಿ ಪ್ರಶಸ್ತಿ ಬಂತು.

ಇನ್ನೊಂದನ್ನು ಗಮನಿಸಿದ್ದೀರಾ? ಆ ಸರಣಿಯ ಮೊದಲ ಓಪನಿಂಗ್‌ನಲ್ಲಿ ಕಾರ್ಯಕ್ರಮದ ಹೆಸರೇ ಬರಲ್ಲ. ಬ್ಯಾಂಕ್ ಸ್ಫೋಟ, ಇಬ್ಬರು ಕಳ್ಳರು, ಮೇಲೆ ಪೊಲೀಸರ ವಾಯುನೌಕೆ, ಕೊನೆಗೆ ಮಿಂಚಿನಲ್ಲಿ ಅವನ ಆಕಾರ. ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ.

ರಾತ್ರಿಪಾಳಿ

ಅಬ್ಬಾ, ಓಪನಿಂಗ್ ಈಗಷ್ಟೇ ಹಾಕಿ ನೋಡಿದೆ. ನಿಜವಾಗಿಯೂ ಹೆಸರಿಲ್ಲ! ಒಂದು ಪ್ರಶ್ನೆ: ಬ್ಯಾಟ್‌ಮ್ಯಾನ್ ಊರು ಗಾಥಂನಲ್ಲಿ ಕಂಪ್ಯೂಟರ್ ಇದೆ, ಆದರೆ ಕಾರು, ಟೋಪಿ, ಟೀವಿ ಎಲ್ಲ 1940ರ ಕಾಲದ್ದು. ಕಾಲ ನಿಂತುಹೋದ ಊರು ಅಂತ ಒಂದು ಥಿಯರಿ ಇದೆ. ಹೌದಾ?

ಹಳೇಟೀವಿ

ಆ ಥಿಯರಿಗಿಂತ ಅದರ ಹಿಂದಿನ ಚರಿತ್ರೆ ರುಚಿಯಾಗಿದೆ. ಬ್ರೂಸ್ ಟಿಮ್‌ಗೆ ಮಾದರಿಯಾಗಿದ್ದು 1941ರ ಸೂಪರ್‌ಮ್ಯಾನ್ ಕಾರ್ಟೂನ್‌ಗಳು. ಮಾಡಿದವರು ಫ್ಲೈಷರ್ ಸಹೋದರರು, ಮ್ಯಾಕ್ಸ್ ಮತ್ತು ಡೇವ್.

ಅವರಿಗೆ ಸೂಪರ್‌ಮ್ಯಾನ್ ಮಾಡೋ ಮನಸ್ಸಿರಲಿಲ್ಲ. ಪ್ಯಾರಾಮೌಂಟ್ ಒತ್ತಾಯ ಮಾಡಿತು. ಬೇಡ ಅನ್ನಲಿ ಅಂತಲೇ ಒಂದು ಕಂತಿಗೆ 1,00,000 ಡಾಲರ್ ಬೇಕು ಅಂದರು. ಆ ಕಾಲಕ್ಕೆ ಅದು ಯಾರೂ ಕೊಡದ ಮೊತ್ತ. ಪ್ಯಾರಾಮೌಂಟ್ ಎದ್ದು ಹೋಗೋ ಬದಲು ಚೌಕಾಸಿ ಮಾಡಿ 50,000 ಡಾಲರಿಗೆ ಇಳಿಸಿತು. ಈಗ ಮಾಡಲೇಬೇಕಾಯಿತು. ಅಷ್ಟು ದುಡ್ಡು ಇದ್ದದ್ದಕ್ಕೇ ಆ ನೆರಳು, ಆ ಬೆಳಕು, ಕಬ್ಬಿಣ ಬಾಗುವಾಗಿನ ಆ ಭಾರ ಎಲ್ಲ ಬಂತು.

ಇದು ಓದಿ ಬೆರಗಾಗಿದ್ದೆ: ಆರಂಭದ ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ನೆಗೆಯುತ್ತಿದ್ದ. ಚಲಿಸೋ ಚಿತ್ರದಲ್ಲಿ ಆ ನೆಗೆತ ಚೆನ್ನಾಗಿ ಕಾಣಲಿಲ್ಲ. ಫ್ಲೈಷರ್ ಸ್ಟುಡಿಯೋದವರು ಅವನನ್ನು ಹಾರಿಸಿದರು. ಇವತ್ತು ಸೂಪರ್‌ಮ್ಯಾನ್ ಅಂದರೆ ಹಾರೋದೇ ನೆನಪಾಗುತ್ತೆ, ಅಲ್ವಾ? ಟೆಲಿಫೋನ್ ಬೂತಿನಲ್ಲಿ ಬಟ್ಟೆ ಬದಲಿಸೋದೂ ಅದೇ ಸರಣಿಯ 'ದಿ ಮೆಕ್ಯಾನಿಕಲ್ ಮಾನ್‌ಸ್ಟರ್ಸ್'ನಲ್ಲಿ ಕಾಣುತ್ತೆ. ಅದರಲ್ಲಿ ಬ್ಯಾಂಕ್ ದೋಚೋ ಹಾರುವ ರೋಬೋಗಳನ್ನು ನೋಡಿ, ಆಮೇಲೆ ಜಪಾನಿನ ನಿರ್ದೇಶಕ ಮಿಯಾಝಾಕಿ ಅವರ 'ಲಪ್ಯೂಟಾ' ಸಿನಿಮಾದ ರೋಬೋ ನೋಡಿ. ಹೋಲಿಕೆ ಯಾರೂ ಎತ್ತಿ ತೋರಿಸಬೇಕಾಗಿಲ್ಲ.

ಟರ್ಬೋಕ್ಯಾಟ್

ಜೆಟ್ ವಿಮಾನ ಹಾರಿಸೋ ಎರಡು ಬೆಕ್ಕುಗಳ ಕಾರ್ಟೂನ್ ಸ್ವಾಟ್ ಕ್ಯಾಟ್ಸ್ ಬಗ್ಗೆ ಇನ್ನೂ ಯಾರೂ ಮಾತೇ ಎತ್ತಿಲ್ಲ! ಅಮೆರಿಕದಲ್ಲಿ 1993ರಲ್ಲಿ ಶುರುವಾಗಿ 1995ರ ಹೊತ್ತಿಗೆ ನಿಂತುಹೋಯಿತು. ಕೆಲವು ಎಪಿಸೋಡ್‌ಗಳು ಅರ್ಧಕ್ಕೇ ಉಳಿದವು. ನಮ್ಮಲ್ಲಿ ಮಾತ್ರ ಮರುಪ್ರಸಾರ ಆಗಿ ಆಗಿ ಒಂದು ಇಡೀ ತಲೆಮಾರಿಗೆ ಬಾಯಿಪಾಠ ಆಯಿತು.

ಮಕ್ಕಳಾಗಿ ನಮಗೆ ತಿಳಿಯದೇ ಹೋದ ವಿಷಯ ಒಂದಿದೆ. ಅದರ ನಾಯಕರಾದ ಟಿ-ಬೋನ್, ರೇಜರ್ ಇಬ್ಬರೂ ಸಾಲಗಾರರು. 'ದಿ ರಾಥ್ ಆಫ್ ಡಾರ್ಕ್ ಕ್ಯಾಟ್'ನಲ್ಲಿ ಹಿಂದಿನ ಕಥೆ ಬರುತ್ತೆ. ಇಬ್ಬರೂ ಊರಿನ ಪೊಲೀಸ್ ಪಡೆಯಾದ ಎನ್‌ಫೋರ್ಸರ್ಸ್‌ನ ಪೈಲಟ್‌ಗಳು. ಖಳ ಡಾರ್ಕ್ ಕ್ಯಾಟ್ ಕೈಗೆ ಸಿಗೋ ಹೊತ್ತಲ್ಲಿ ಅವರ ಮೇಲಧಿಕಾರಿ ಕಮಾಂಡರ್ ಫೆರಲ್ ನಡುವೆ ನುಗ್ಗಿ ಅವರ ವಿಮಾನಕ್ಕೆ ತಾಗಿಸುತ್ತಾನೆ. ವಿಮಾನ ಹೋಗಿ ಬಿದ್ದದ್ದು ಎನ್‌ಫೋರ್ಸರ್ಸ್ ಮುಖ್ಯ ಕಚೇರಿ ಮೇಲೆ. ತಪ್ಪು ಸಾಹೇಬರದ್ದು, ದಂಡ ಇವರಿಗೆ. ಗುಜರಿ ಅಂಗಡಿಯಲ್ಲಿ ದುಡಿದು ಕಟ್ಟಡದ ನಷ್ಟ ತುಂಬಿಕೊಡಬೇಕು. ಆ ಗುಜರಿ ಸಾಮಾನಿನಲ್ಲೇ ತಮ್ಮ ಜೆಟ್ ವಿಮಾನ ಟರ್ಬೋಕ್ಯಾಟ್ ಕಟ್ಟಿದರು. ಹಗಲು ಸಾಲ ತೀರಿಸೋ ಗ್ಯಾರೇಜ್ ಕೆಲಸ, ಉಳಿದ ಹೊತ್ತು ಊರು ಕಾಯೋದು. ದೊಡ್ಡವನಾಗಿ ಕೆಲಸಕ್ಕೆ ಸೇರಿದ ಮೇಲೆ ಈ ಎಪಿಸೋಡ್ ಮತ್ತೆ ನೋಡಿದಾಗ ಫೆರಲ್ ಮೇಲೆ ಬಂದ ಸಿಟ್ಟು ಬೇರೆ ಥರದ್ದು.

ನನ್ನ ಥಿಯರಿ ಆ ಊರಿನ ಉಪಮೇಯರ್ ಕ್ಯಾಲಿ ಬ್ರಿಗ್ಸ್ ಬಗ್ಗೆ. 'ಬ್ರೈಡ್ ಆಫ್ ದಿ ಪಾಸ್ಟ್‌ಮಾಸ್ಟರ್'ನಲ್ಲಿ ಇವರಿಬ್ಬರೂ ಹಳೇ ಕಾಲಕ್ಕೆ ಹೋಗುತ್ತಾರೆ. ಅಲ್ಲಿನ ರಾಣಿ ಕ್ಯಾಲಿಸ್ಟಾ ಥೇಟ್ ಕ್ಯಾಲಿಯೇ. ಮುಖ ಅದೇ, ಹೆಸರು ಹೆಚ್ಚುಕಮ್ಮಿ ಅದೇ. ಪಾಸ್ಟ್‌ಮಾಸ್ಟರ್ ಅವಳನ್ನು ಬಲವಂತವಾಗಿ ಮದುವೆಯಾಗೋಕೆ ಹೊರಟಿರ್ತಾನೆ. ಕ್ಯಾಲಿ ಆ ರಾಣಿಯ ವಂಶದವಳು ಅಂತ ನನ್ನ ವಾದ. ಹಾಗಿದ್ದರೆ ಮೆಗಾಕ್ಯಾಟ್ ಸಿಟಿಯನ್ನು ಆಳೋ ಹಕ್ಕು ನಿಜಕ್ಕೂ ಅವಳದ್ದು. ಮೇಯರ್ ಮ್ಯಾಂಕ್ಸ್ ಗಾಲ್ಫ್ ಆಡಿಕೊಂಡಿದ್ದಾಗ ಕಚೇರಿ ನಡೆಸೋದೂ ಅವಳೇ ತಾನೇ?

ಕಾರವಾರ್ ಕಡಲು

ಕ್ಯಾಲಿಸ್ಟಾ ಥಿಯರಿ ಒಪ್ಪಿದೆ ಮಾರಾಯ್ರೇ. ರೇಜರ್ ಬಗ್ಗೆ ಒಂದು ಕೇಳಿ. ಅವನ ಧ್ವನಿ ಬ್ಯಾರಿ ಗಾರ್ಡನ್. 1987ರ ನಿಂಜಾ ಟರ್ಟಲ್ಸ್‌ನಲ್ಲಿ ಡೊನಾಟೆಲ್ಲೋ ಕೂಡ ಅವರೇ. ಎರಡು ಕಡೆಯೂ ಯಂತ್ರ ಬಿಚ್ಚಿ ಜೋಡಿಸೋ ಜಾಣನ ಪಾತ್ರ. ಅದೇ ಹೊತ್ತಿನಲ್ಲಿ ಅವರು ಅಮೆರಿಕದ ನಟರ ಸಂಘ, ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್, ಅಧ್ಯಕ್ಷರೂ ಆಗಿದ್ದರು, 1988ರಿಂದ 1995ರವರೆಗೆ.

ಟರ್ಟಲ್ಸ್ ಹುಟ್ಟಿನ ಥಿಯರಿಯಂತೂ ಥಿಯರಿಯಾಗಿ ಉಳಿದೇ ಇಲ್ಲ. 1984ರ ಮೂಲ ಕಾಮಿಕ್ಸ್‌ನಲ್ಲಿ ರಸ್ತೆ ದಾಟೋ ಕುರುಡನೊಬ್ಬನನ್ನು ಲಾರಿ ಗುದ್ದೋದರಲ್ಲಿರುತ್ತೆ. ಒಬ್ಬ ಹುಡುಗ ಅವನನ್ನು ತಳ್ಳಿ ಉಳಿಸ್ತಾನೆ. ಲಾರಿಯಿಂದ ಹಾರಿದ ಡಬ್ಬಿ ಹುಡುಗನ ಮುಖಕ್ಕೆ ಬಡಿಯುತ್ತೆ, ಆಮೇಲೆ ಆಮೆಗಳನ್ನು ತಟ್ಟಿ ಚರಂಡಿಗೆ ಬೀಳುತ್ತೆ. ಆ ಹುಡುಗನ ಕಥೆ ನಿಮಗೆ ಗೊತ್ತು. ಅವನು ಮಾರ್ವೆಲ್‌ನ ಡೇರ್‌ಡೆವಿಲ್! ಟರ್ಟಲ್ಸ್ ಸೃಷ್ಟಿಸಿದ ಈಸ್ಟ್‌ಮನ್, ಲೇರ್ಡ್ ಬೇಕಂತಲೇ ಬರೆದದ್ದು. ಅವನ ಗುರು ಸ್ಟಿಕ್, ಇವರ ಗುರು ಸ್ಪ್ಲಿಂಟರ್. ಅಲ್ಲಿ ಶತ್ರು ನಿಂಜಾಗಳ ಗುಂಪು ಹ್ಯಾಂಡ್, ಇಲ್ಲಿ ಫುಟ್.

ಟರ್ಟಲ್ ಮೈಕೆಲಾಂಜೆಲೊ ಕೈಯಿಂದ ನಂಚಾಕು (ಸರಪಳಿಯಿಂದ ಜೋಡಿಸಿದ ಎರಡು ಕೋಲಿನ ಆಯುಧ) ಮಾಯವಾದದ್ದಕ್ಕೂ ಏನೇನೋ ಥಿಯರಿ ಇದೆ. ಕಾರಣ ಬ್ರಿಟನ್. ಅಲ್ಲಿ ನಂಚಾಕು ತೋರಿಸೋದನ್ನು ಸೆನ್ಸಾರ್ ಕತ್ತರಿಸುತ್ತಿತ್ತು. ಹೆಸರಿನ 'ನಿಂಜಾ' ತೆಗೆದು 'ಹೀರೋ' ಅಂತ ಹಾಕಿದರು. ಆಮೇಲೆ ಕಾರ್ಟೂನಿನಲ್ಲೇ ಅವನ ಕೈಗೆ ಕೊಕ್ಕೆ ಹಗ್ಗ ಬಂತು.

ಡಲ್ಲಾಸ್ ಕನ್ನಡಿಗ

ನಮ್ಮೂರಿನ ಹೆಸರು ಬರೋ ಒಂದು ಸಂಗತಿ ಹೇಳದೇ ಇದ್ದರೆ ಹೇಗೆ? ಹ್ಯಾನಾ-ಬಾರ್ಬೆರಾ ಸ್ಟುಡಿಯೋದ 'ಜಾನಿ ಕ್ವೆಸ್ಟ್' ಬಂದದ್ದು 1964ರಲ್ಲಿ. ಒಂದೇ ಸೀಸನ್, 26 ಎಪಿಸೋಡ್. ಅದರಲ್ಲಿ ಜಾನಿಯ ಜೊತೆಗಾರ ಹ್ಯಾಡ್ಜಿ ನಮ್ಮ ದೇಶದ ಹುಡುಗ. 'ಕಲ್ಕತ್ತಾ ಅಡ್ವೆಂಚರ್' ಎಪಿಸೋಡಿನಲ್ಲಿ ಅವನು ಹೇಗೆ ಅವರ ಮನೆಗೆ ಸೇರಿದ ಅಂತ ಬರುತ್ತೆ.

ಅದೇ ಹ್ಯಾಡ್ಜಿ 1996ರ 'ದಿ ರಿಯಲ್ ಅಡ್ವೆಂಚರ್ಸ್ ಆಫ್ ಜಾನಿ ಕ್ವೆಸ್ಟ್' ಹೊತ್ತಿಗೆ ಬೆಂಗಳೂರಿನ ಸಿಂಹಾಸನದ ವಾರಸುದಾರ! ಸುಲ್ತಾನ! ಸಿಲಿಕಾನ್ ಚಿಪ್ ಬಗ್ಗೆ ಜಗತ್ತು ಮಾತಾಡುತ್ತಿದ್ದಾಗ ಆ ಕಾರ್ಟೂನಿನ ಬೆಂಗಳೂರಿನಲ್ಲಿ ಅರಮನೆ, ಕಿರೀಟ. ಕೆಂಪೇಗೌಡರು ಕಟ್ಟಿದ ಊರು, ಹೈದರ್ ಮತ್ತು ಟಿಪ್ಪು ಬೇಸಿಗೆ ಅರಮನೆ ಕಟ್ಟಿಕೊಂಡ ಊರು. ಆದರೆ ಅವರ ರಾಜಧಾನಿ ಶ್ರೀರಂಗಪಟ್ಟಣ. ಬೆಂಗಳೂರಿನ ಸುಲ್ತಾನ ಅಂತ ಒಬ್ಬ ಇರಲಿಲ್ಲ. ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ಮೊದಲು ಆ ಎಪಿಸೋಡ್ ತೋರಿಸಿ, ಆಮೇಲೆ ಕೋಟೆಯ ಹತ್ತಿರದ ನಿಜವಾದ ಮರದ ಅರಮನೆಗೆ ಕರೆದುಕೊಂಡು ಹೋದೆ. ಕಂಬಗಳನ್ನು ಮುಟ್ಟಿ ನೋಡಿ, "ಹ್ಯಾಡ್ಜಿ ರೂಮ್ ಯಾವುದು?" ಅಂದಳು.

ಹಳೇ ಜಾನಿ ಕ್ವೆಸ್ಟ್ ಕೊನೆಯ ಟೈಟಲ್ ಬರುವಾಗಿನ ದೃಶ್ಯಗಳನ್ನು ಗಮನಿಸಿ. ಅದರಲ್ಲಿ ಕೆಲವು ಯಾವ ಎಪಿಸೋಡಿನಲ್ಲೂ ಇಲ್ಲ. ಸ್ಟುಡಿಯೋ ಮೊದಲು ಜ್ಯಾಕ್ ಆರ್ಮ್‌ಸ್ಟ್ರಾಂಗ್ ಅನ್ನೋ ರೇಡಿಯೋ ವೀರನ ಕಾರ್ಟೂನ್ ಮಾಡೋಕೆ ಹೊರಟು ಪರೀಕ್ಷೆಗೆ ಮಾಡಿದ್ದ ಚಿತ್ರಗಳು ಅವು. ಆ ಯೋಜನೆ ಬಿದ್ದುಹೋಯಿತು, ಚಿತ್ರಗಳು ಇಲ್ಲಿ ಉಳಿದವು.

ಶಿರಸಿಶ್ರೀ

ಬ್ಯಾಟ್‌ಮ್ಯಾನ್‌ಗೆ ವಾಪಸ್ ಬರಲೇ? ನನಗೆ ಬಹಳ ಇಷ್ಟದ ಥಿಯರಿ ಒಂದಿದೆ: ಬ್ಯಾಟ್‌ಮ್ಯಾನ್ ನಿಜ, ಬ್ರೂಸ್ ವೇನ್ ಅನ್ನೋದೇ ವೇಷ.

ಆ ಸರಣಿಯಲ್ಲಿ ಕೆವಿನ್ ಕಾನ್‌ರಾಯ್ ಇಬ್ಬರಿಗೂ ಬೇರೆ ಬೇರೆ ಧ್ವನಿ ಕೊಟ್ಟರು. ಬ್ರೂಸ್‌ಗೆ ಹಗುರ, ನಗುಮುಖದ ಧ್ವನಿ. ಬ್ಯಾಟ್‌ಮ್ಯಾನ್‌ಗೆ ಆಳದ ಧ್ವನಿ. ಗುಹೆಯಲ್ಲಿ ಮುಸುಕು ತೆಗೆದು ಮನೆಯ ಸೇವಕ ಆಲ್ಫ್ರೆಡ್ ಜೊತೆ ಮಾತಾಡುವಾಗ ಯಾವ ಧ್ವನಿ ಬರುತ್ತೆ ಕೇಳಿ. ಬ್ಯಾಟ್‌ಮ್ಯಾನ್‌ದೇ. ನಮ್ಮ ಕಡೆ ಯಕ್ಷಗಾನದಲ್ಲಿ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದ ಮೇಲೆ ಕಲಾವಿದ ತನ್ನ ಮಾಮೂಲಿ ದನಿಗೆ ಮರಳುತ್ತಾನೆ. ಇವನು ಚೌಕಿಯಲ್ಲಿ ಮರಳೋದು ಬ್ಯಾಟ್‌ಮ್ಯಾನ್ ದನಿಗೆ. ಅಂದರೆ ಬಣ್ಣ ಹಚ್ಚಿಕೊಳ್ಳೋದು ಹಗಲಿನಲ್ಲಿ.

ಸಾಕ್ಷಿ 1999ರ 'ಬ್ಯಾಟ್‌ಮ್ಯಾನ್ ಬಿಯಾಂಡ್'ನಲ್ಲಿ ಸಿಗುತ್ತೆ. 'ಶ್ರೀಕ್' ಅನ್ನೋ ಎಪಿಸೋಡ್. ಮುದುಕ ಬ್ರೂಸ್‌ಗೆ ಹುಚ್ಚು ಹಿಡಿಸೋಕೆ ಒಬ್ಬ ಅವನ ತಲೆಯೊಳಗೇ ಮಾತು ಕೇಳಿಸುವಂತೆ ಮಾಡುತ್ತಾನೆ. ಅದು ತನ್ನ ಮನಸ್ಸಿನ ಮಾತಲ್ಲ ಅಂತ ಹೇಗೆ ಗೊತ್ತಾಯಿತು ಅಂತ ಹೊಸ ಬ್ಯಾಟ್‌ಮ್ಯಾನ್ ಆದ ಹುಡುಗ ಟೆರಿ ಕೇಳ್ತಾನೆ. ಆ ಧ್ವನಿ ನನ್ನನ್ನು ಬ್ರೂಸ್ ಅಂತ ಕರೆಯುತ್ತಿತ್ತು, ನನ್ನ ಮನಸ್ಸಿನಲ್ಲಿ ನಾನು ಹಾಗೆ ಕರೆದುಕೊಳ್ಳಲ್ಲ ಅಂತ ಉತ್ತರ. ಮೈ ಜುಂ ಅನ್ನುತ್ತೆ.

ಗೆರೆಬಣ್ಣ

ಅದೇ ಬಿಯಾಂಡ್‌ನಲ್ಲಿ ಕೂದಲಿನ ವಿಷಯ ಗಮನಿಸಿದ್ದೀರಾ ಮೇಡಂ? ಟೆರಿಯ ಅಮ್ಮನಿಗೆ ಕೆಂಪು ಕೂದಲು. ಅಪ್ಪನದೂ ಕಪ್ಪಲ್ಲ. ಟೆರಿ ಮತ್ತು ತಮ್ಮ ಮ್ಯಾಟ್, ಇಬ್ಬರಿಗೂ ಕಡುಕಪ್ಪು. ಅಭಿಮಾನಿಗಳು ಇದನ್ನು ಹಿಡಿದು ಕೇಳುತ್ತಲೇ ಇದ್ದರು. 2005ರಲ್ಲಿ 'ಜಸ್ಟೀಸ್ ಲೀಗ್ ಅನ್‌ಲಿಮಿಟೆಡ್'ನ 'ಎಪಿಲಾಗ್' ಎಪಿಸೋಡಿನಲ್ಲಿ ಉತ್ತರ ಬಂತು. ಸರ್ಕಾರಿ ಅಧಿಕಾರಿ ಅಮ್ಯಾಂಡಾ ವಾಲರ್ ಗುಟ್ಟಾಗಿ ನಡೆಸಿದ ಯೋಜನೆಯಿಂದ ಟೆರಿ ಹುಟ್ಟಿದ್ದು ಬ್ರೂಸ್ ವೇನ್‌ನ ವಂಶವಾಹಿಯಿಂದ.

ಜೋಕರ್‌ನ ಜೊತೆಗಾತಿ ಹಾರ್ಲಿ ಕ್ವಿನ್ ವಿಷಯ ಎಲ್ಲರಿಗೂ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಅವಳು ಕಾಮಿಕ್ಸ್‌ನಿಂದ ಕಾರ್ಟೂನಿಗೆ ಬಂದವಳಲ್ಲ. 1992ರ 'ಜೋಕರ್ಸ್ ಫೇವರ್' ಒಂದೇ ಎಪಿಸೋಡಿಗೆ ಅಂತ ಬರೆದ ಪಾತ್ರ. ಪಾಲ್ ಡಿನಿ ತಮ್ಮ ಕಾಲೇಜು ಗೆಳತಿ, ನಟಿ ಆರ್ಲೀನ್ ಸಾರ್ಕಿನ್ ಒಂದು ಧಾರಾವಾಹಿಯ ಕನಸಿನ ದೃಶ್ಯದಲ್ಲಿ ವಿದೂಷಕಿಯ ಬಟ್ಟೆ ಹಾಕಿದ್ದನ್ನು ನೋಡಿ ಬರೆದರು. ಧ್ವನಿಯೂ ಅವರದ್ದೇ. ಕಾಮಿಕ್ಸ್‌ನ ಮುಖ್ಯ ಕಥೆಗೆ ಅವಳು ಸೇರಿದ್ದು 1999ರಲ್ಲಿ. ಜೋಕರ್ ಧ್ವನಿಗೂ ಮೊದಲು ಆರಿಸಿದ್ದು ಟಿಮ್ ಕರಿಯವರನ್ನು. ಆಮೇಲೆ ಮಾರ್ಕ್ ಹ್ಯಾಮಿಲ್ ಬಂದರು.

ರಾತ್ರಿಪಾಳಿ

ಸಮುರಾಯ್ ಜ್ಯಾಕ್ ಬಗ್ಗೆ ಯಾರಾದರೂ? ಅವನ ನಿಜವಾದ ಹೆಸರೇನು ಅಂತ ನನಗೆ ಇವತ್ತಿಗೂ ತಲೆ ಕೊರೆಯುತ್ತೆ.

ಗೆರೆಬಣ್ಣ

ಹೇಳೋದೇ ಇಲ್ಲ. ಜ್ಯಾಕ್ ಅನ್ನೋದು ಮುಂದಿನ ಕಾಲಕ್ಕೆ ಬಂದು ಬಿದ್ದಾಗ ಬೀದಿ ಹುಡುಗರು ಕರೆದ ಹೆಸರು, ಅವನು ಅದನ್ನೇ ಇಟ್ಟುಕೊಂಡ. 2017ರಲ್ಲಿ ಐದನೇ ಸೀಸನ್ ಬಂದು ಕಥೆ ಮುಗಿದಾಗಲೂ ನಿಜವಾದ ಹೆಸರು ಬರಲಿಲ್ಲ. ಅಷ್ಟರಲ್ಲಿ ಅವನ ಶತ್ರು, ರಾಕ್ಷಸ ಆಕುಗೆ ಧ್ವನಿ ಕೊಟ್ಟಿದ್ದ ಮಾಕೋ ತೀರಿಕೊಂಡಿದ್ದರು, ಗ್ರೆಗ್ ಬಾಲ್ಡ್‌ವಿನ್ ಆ ಕೆಲಸ ಮಾಡಿದರು.

ಒಂದು ಮಾತ್ರ ನೋಡಿ. ಜ್ಯಾಕ್ ಕಡಿಯೋದು ಬಹುಪಾಲು ರೋಬೋಗಳನ್ನೇ. ಕತ್ತಿ ಹಿಡಿದ ವೀರ ಮನುಷ್ಯರನ್ನು ಕಡಿದರೆ ಮಕ್ಕಳ ಚಾನೆಲ್ಲಿನಲ್ಲಿ ಹಾಕೋಕಾಗಲ್ಲ. ಮೂರನೇ ಎಪಿಸೋಡಿನಲ್ಲಿ ಜೀರುಂಡೆ ರೋಬೋಗಳ ಸೈನ್ಯ ಬರುತ್ತೆ. ಯುದ್ಧ ಮುಗಿಯೋ ಹೊತ್ತಿಗೆ ಅವನ ಬಿಳಿ ಬಟ್ಟೆ ಹರಿದು, ಮೈಯೆಲ್ಲ ಕಪ್ಪು ಎಣ್ಣೆ. ರಕ್ತ ಅಂತ ಬೇರೆ ಹೇಳಬೇಕಾಗಿಲ್ಲ.

ಹಳೇಟೀವಿ

ಥಂಡರ್‌ಕ್ಯಾಟ್ಸ್ ಬಗ್ಗೆ ಇಬ್ಬರು ಮೆಸೇಜ್ ಮಾಡಿ ಕೇಳಿದ್ದಾರೆ. ಅದರ ನಾಯಕ ಲಯನ್-ಓ ಅಷ್ಟು ದುಡುಕ ಯಾಕೆ ಅಂತ. ಅದಕ್ಕೆ ಥಿಯರಿ ಬೇಡ, ಮೊದಲ ಎಪಿಸೋಡಿನಲ್ಲೇ ಇದೆ. ಊರು ಬಿಟ್ಟು ನೌಕೆಯಲ್ಲಿ ಮಲಗುವಾಗ ಅವನಿನ್ನೂ ಚಿಕ್ಕ ಹುಡುಗ. ಮಲಗಿದ್ದ ಪೆಟ್ಟಿಗೆ ವಯಸ್ಸಾಗೋದನ್ನು ನಿಧಾನ ಮಾಡಿತು, ಪೂರ್ತಿ ನಿಲ್ಲಿಸಲಿಲ್ಲ. ಎದ್ದಾಗ ಮೈ ಗಂಡಸಿನದು, ಮನಸ್ಸು ಆ ಹುಡುಗನದೇ. ಇದು ಗೊತ್ತಿದ್ದು ನೋಡಿದರೆ ಅವನ ಪ್ರತಿ ತಪ್ಪೂ ಬೇರೆ ಥರ ಕಾಣುತ್ತೆ.

ಗಾರ್ಗಾಯ್ಲ್ಸ್‌ಗೆ ಬೇರೆ ಚರ್ಚೆಯನ್ನೇ ತೆರೆಯುತ್ತೇನೆ. 1994ರ ಆ ಸರಣಿಯಲ್ಲಿ ಸ್ಟಾರ್ ಟ್ರೆಕ್‌ನ ಜೊನಾಥನ್ ಫ್ರೇಕ್ಸ್ ಝನಾಟೋಸ್ ಆಗಿ, ಮರೀನಾ ಸರ್ಟಿಸ್ ಡೆಮೋನಾ ಆಗಿ ಬರ್ತಾರೆ. ಅಷ್ಟೇ ಅಲ್ಲ, ಇನ್ನೂ ಬೇಕಾದಷ್ಟಿದೆ. ಟರ್ಬೋಕ್ಯಾಟ್ ಅವರೇ, ಕ್ಯಾಲಿಸ್ಟಾ ದೃಶ್ಯದ ಪಕ್ಕ ಕ್ಯಾಲಿಯ ಒಂದು ಚಿತ್ರ ಇಟ್ಟು ಹಾಕಿ, ಕಣ್ಣು ಮೂಗು ಹೋಲಿಸಿ ನೋಡೋಣ.